ಕಣಕಿ ತಿನ್ನುವ ಕುದುರೆಗೆ ಅಗಸಿಯೋ, ಗಜ್ಜರಿಯೋ

ಭಾದ್ರಪದ ಶುದ್ಧ ಬಿದಿಗೆ, ಮುಂಜಾನೆ ಒಂಬತ್ತೂವರೆ. ರಬಕವಿಯಿಂದ ಬನಹಟ್ಟಿಗೆ ಬರುವ ರಸ್ತೆಯ ನಡುವೆ ನಮ್ಮ ಕುದುರೆ ನಿಂತುಬಿಟ್ಟಿತು. ಅಲ್ಲಿ ಏರಿಲ್ಲ, ಕೆಸರಿಲ್ಲ. ಟಾಂಗಾದಲ್ಲಿ ಇದ್ದದ್ದು ಅಪ್ಪ, ನಾನು ಮತ್ತು ಹನ್ನೆರಡು ಸೀರೆಗಂಟು. ಅಪ್ಪ ಇಳಿದು ನಾಲ್ಕೂ ಕಾಲು ಎತ್ತಿ ನೋಡಿದರು. ಲಾಳ ಗಟ್ಟಿಯಾಗಿದ್ದವು, ಗೊರಸಿನಲ್ಲಿ ಕಲ್ಲು ಸಿಕ್ಕಿರಲಿಲ್ಲ. ಕುದುರೆ ತಲೆ ಕೆಳಗೆ ಹಾಕಿ, ಕಿವಿ ಜೋಲು ಬಿಟ್ಟು, ಸುಮ್ಮನೆ ಬೆವರುತ್ತಿತ್ತು.

"ಕಸುವ ಇಲ್ಲ ಇಕಿಗೆ," ಅಂದರು ಅಪ್ಪ. ಸ್ವಲ್ಪ ಹೊತ್ತು ಕಾದು, ಅರ್ಧ ಗಂಟುಗಳನ್ನು ನಾವಿಬ್ಬರೂ ಹೆಗಲಿಗೇರಿಸಿಕೊಂಡು ಕುದುರೆಯ ಜೊತೆ ನಡೆದು ಮನೆ ಸೇರಿದೆವು.

ನಮ್ಮದು ಬನಹಟ್ಟಿಯಲ್ಲಿ ಸೀರೆ ವ್ಯಾಪಾರ. ನೇಕಾರರ ಮನೆಗಳಿಂದ ಸೀರೆ ಕೊಂಡು ಜಮಖಂಡಿಯ ಅಂಗಡಿಗಳಿಗೆ ಮುಟ್ಟಿಸುವುದು ಅಪ್ಪನ ಕೆಲಸ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನ್ನದು ಲೆಕ್ಕ ಬರೆಯುವ ಕೆಲಸ. ಆ ಕುದುರೆ ಮರಿಯಾಗಿ ನಮ್ಮ ಮನೆಗೆ ಬಂದಾಗ ನಾನು ಇನ್ನೂ ಸಾಲೆಯ ಹುಡುಗ. ಅದರ ಮೂಗಿನ ಮೇಲೆ ಕೈ ಇಡದೆ ನಾನು ಬೆಳಗಿನ ಹಾಲು ಕುಡಿದದ್ದಿಲ್ಲ. ಅವತ್ತು ಊಟಕ್ಕೆ ಕೂತಾಗ ಅಪ್ಪ ಸಹಜವಾಗಿ ಹೇಳಿದ ಮಾತು ಕೇಳಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಮುಧೋಳದ ಕುದುರಿ ವ್ಯಾಪಾರಿ ಹ್ವಾದ ತಿಂಗಳನ ಇಕಿನ್ನ ಕೇಳಿದ್ದ. ದಸರಾ ಮುಗೀಲಿ, ಕೊಟ್ಟಬಿಡೂಣು. ಬ್ಯಾರೆ ಕುದುರಿ ನೋಡೂಣು."

"ಅಪ್ಪಾ, ದಸರಾಕ್ಕ ಇನ್ನ ತಿಂಗಳ ಮ್ಯಾಲ ಐತಿ. ಅಷ್ಟರಾಗ ನಾ ಆಕಿನ್ನ ರಿಪೇರಿ ಮಾಡ್ತೇನಿ."

"ಆಕಿ ಏನ್ ಗಡಿಯಾರ ಏನಲೇ, ರಿಪೇರಿ ಮಾಡಾಕ?" ಎಂದು ಅಪ್ಪ ನಕ್ಕರು. ಆದರೆ ಕರಾರಿಗೆ ಒಪ್ಪಿದರು. ದಸರೆಯ ಮರುದಿನ ತುಂಬಿದ ಟಾಂಗಾ ಎಳೆದುಕೊಂಡು ಜಮಖಂಡಿಯ ಏರು ಹತ್ತಬೇಕು. ಹತ್ತಿದರೆ ಕುದುರೆ ನಮ್ಮದು, ಇಲ್ಲದಿದ್ದರೆ ಮುಧೋಳದವರದು.

ನನಗೆ ಅರ್ಥವಾಗದ ಸಂಗತಿ ಒಂದಿತ್ತು. ಕುದುರೆ ಉಪವಾಸವೇನೂ ಇರಲಿಲ್ಲ. ಹಿಂದಿನ ವರ್ಷ ಬಿಳಿಜೋಳ ಚೆನ್ನಾಗಿ ಬಂದು, ಹಿತ್ತಲಲ್ಲಿ ಮನೆಯೆತ್ತರ ಕಣಕಿಯ ಬಣಿವೆ ನಿಂತಿತ್ತು. ಜೋಳದ ಆ ಒಣ ದಂಟನ್ನು ಕುದುರೆ ಇಡೀ ಹಗಲು ತಿನ್ನುತ್ತಿತ್ತು. ಹೊಟ್ಟೆ ಗಡಿಗೆಯಂತೆ, ಬೆನ್ನು ಮಾತ್ರ ಮನೆಯ ತೊಲೆಯಂತೆ ಎದ್ದು ಕಾಣುತ್ತಿತ್ತು.

ಮರುದಿನವೇ ಕುದುರೆಯನ್ನು ಬರಿಮೈಯಲ್ಲಿ ನಡೆಸಿಕೊಂಡು ಜಮಖಂಡಿಗೆ ಹೋಗಿ ದನಗಳ ಡಾಕ್ಟರರನ್ನು ಕಂಡೆ. ಅವರು ಕುದುರೆಯ ಕಣ್ಣಿನ ರೆಪ್ಪೆ ಮಗುಚಿ ನೋಡಿದರು, ಹಲ್ಲು ನೋಡಿದರು, ಕೊನೆಗೆ ಲದ್ದಿಯ ಒಂದು ಉಂಡೆಯನ್ನು ಕಡ್ಡಿಯಿಂದ ಒಡೆದು ನನಗೆ ತೋರಿಸಿದರು. ಅದರಲ್ಲಿ ಬೆರಳಿನಷ್ಟುದ್ದದ ದಂಟಿನ ಚೂರುಗಳಿದ್ದವು.

"ಕಣಕಿ ಅಂದ್ರ ನಾರು," ಅಂದರು. "ನಾರು ಬೇಕ ಬೇಕು, ಅದಿಲ್ದ ಕುದುರಿ ಹೊಟ್ಟಿ ನಡಿಯೂದಿಲ್ಲ. ಆದ್ರ ಬರೇ ನಾರಿನಿಂದ ಮಾಂಸ ಬರೂದಿಲ್ಲೋ ತಮ್ಮಾ. ಕಣಕಿ ಬಿಡಸಬ್ಯಾಡ. ಅದರ ಜೋಡಿ ಏನರೆ ಕೊಡು."

"ಏನ ಕೊಡ್ಲಿರಿ?"

"ಹುರಳಿ ನೆನಸಿ ಕುದಸಿ ಕೊಡು. ಉಪ್ಪು ಮರೀಬ್ಯಾಡ. ಅದರ ಮ್ಯಾಲ ಮೂರರಾಗ ಒಂದ ಆರಸು. ಅಗಸಿ, ಕುದುರೆಮೆಂತೆ, ಇಲ್ಲಾ ಗಜ್ಜರಿ. ಅಗಸಿ ಹಸೀದ ಕೊಡಬಾರದು, ಲೋಳಿ ಆಗೂತನಕ ಕುದಿಬೇಕು. ಮೂರೂ ಒಮ್ಮೆಲೆ ಸುರು ಮಾಡಬ್ಯಾಡ. ಒಂದ ಕೊಟ್ಟು ನೋಡು, ಆಮ್ಯಾಲ ಇನ್ನೊಂದು."

ಒಂದು ಕೊಟ್ಟು ನೋಡು, ಆಮೇಲೆ ಇನ್ನೊಂದು! ನನ್ನಂಥ ಬರೆದಿಡುವ ಚಟದವನಿಗೆ ಇದಕ್ಕಿಂತ ಸಿಹಿಯಾದ ಮಾತು ಯಾವುದಿದೆ. ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೋಷ್ಟಕ ಎಳೆದೆ. ಮನೆಗೆ ಬಂದವನೇ ಸೀರೆಯ ಹಳೆಯ ದಡಿಯೊಂದನ್ನು ಕತ್ತರಿಸಿ, ಗಜದ ಕಡ್ಡಿಗೆ ಹಿಡಿದು ಇಂಚಿಂಚಿಗೆ ಮಸಿ ಗೀರು ಹಾಕಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತ ಅಳೆದರೆ ಐವತ್ತಾರೂವರೆ ಇಂಚು ಬಂತು. ಗಡಿಗೆಯಂಥ ಹೊಟ್ಟೆಯನ್ನು ಅಳೆಯಲಿಲ್ಲ, ಅದು ಸುಳ್ಳು ಹೇಳುತ್ತದೆ.

ಮೂರರಲ್ಲಿ ನನಗೆ ಹಿಡಿಸಿದ್ದು ಗಜ್ಜರಿ. ಕುದುರೆಗೆ ಅದು ಪ್ರಾಣ. ಬನಹಟ್ಟಿಯ ಸಂತೆಯಲ್ಲಿ ತರಕಾರಿಯವರ ಬುಟ್ಟಿಗೆ ಅದು ಮೂತಿ ಹಾಕಿದ್ದನ್ನು ನಾನೇ ಕಂಡಿದ್ದೆ. ಆದರೆ ನಾವು ಜೈನರು. ನೆಲದೊಳಗೆ ಬೆಳೆಯುವ ಗಡ್ಡೆ ನಮ್ಮ ಹೊಸ್ತಿಲು ದಾಟುವುದಿಲ್ಲ. ಅದನ್ನು ಕಿತ್ತರೆ ಅದರೊಳಗಿನ ಅಸಂಖ್ಯ ಜೀವ ಹೋಗುತ್ತದೆ ಎಂದು ಮನೆಯಲ್ಲಿ ಉಳ್ಳಾಗಡ್ಡಿಯೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಆದರೂ ಧೈರ್ಯ ಮಾಡಿ ಆಯಿಯ ಮುಂದೆ ಕೂತೆ. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಮನೆಯಲ್ಲಿ ಆಕೆಯದೇ ಕೊನೆಯ ಮಾತು.

"ಆಯಿ, ಕುದುರಿಗೆ ಏನ್ ವ್ರತ ಐತಿ?"

"ಕುದುರಿಗೆ ಇಲ್ಲ ತಮ್ಮಾ," ಅಂದಳು ಆಯಿ, ಆರಿಸುತ್ತಿದ್ದ ಅಕ್ಕಿಯಿಂದ ಕಣ್ಣು ತೆಗೆಯದೆ. "ಕಿತ್ತ ತರಸಾವ ನೀ, ನಿನಗೈತಿ."

ಅಲ್ಲಿಗೆ ಗಜ್ಜರಿ ಹೋಯಿತು. ಕುದುರೆಮೆಂತೆಯೆಂಬ ಹಸಿರು ಮೇವೂ ಸದ್ಯಕ್ಕೆ ಹೋಯಿತು. ಪಂಚಮಿಯಿಂದ ದಶಲಕ್ಷಣ ಪರ್ವ. ಆ ಹತ್ತು ದಿನ ಮನೆಯಲ್ಲಿ ಹಸಿರು ಕೊಯ್ಯುವುದಿಲ್ಲ, ಕೊಯ್ಯಿಸುವುದೂ ಇಲ್ಲ. ಉಳಿದದ್ದು ಅಗಸಿ. ಪಕ್ಕದ ಮನೆಯ ನೇಕಾರ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡು, "ಬಸದಿಗೂ ಕರಕೊಂಡ ಹೋಗ್ರಿ ಆಕಿನ್ನ, ಒಂದ್ ಮಡಿ ಕೊಡ್ರಿ," ಅಂದ. ಆಯಿಯೂ ನಕ್ಕಳು.

ಚೌತಿಯಿಂದ ಅಗಸಿ ಸುರುವಾಯಿತು. ಮೊದಲ ದಿನ ಒಂದು ಚಟಾಕು, ಅಂದರೆ ಒಂದು ಹಿಡಿಯಷ್ಟು, ಅರ್ಧ ಸೇರು ಹುರಳಿಯ ಜೊತೆ. ಕುದುರೆ ಮೂಸಿ ನೋಡಿ ಸೀನಿತು. ಎರಡನೆಯ ದಿನ ಚೂರು ಬೆಲ್ಲ ಹಾಕಿದೆ, ಬುಟ್ಟಿ ನೆಕ್ಕಿತು. ನಾಲ್ಕನೆಯ ದಿನ ಬಾಲದ ಬುಡದ ಕೂದಲು ಮಿಂಚಿದಂತೆ ಕಂಡು ಅಪ್ಪನನ್ನು ಕರೆದು ತೋರಿಸಿದೆ. "ಬಿಸಲ ಬಿದ್ದೈತಿ," ಅಂದು ಅವರು ಒಳಗೆ ಹೋದರು. ನನಗೆ ಹಟ ಬಂತು. ಒಂದು ಚಟಾಕು ಇದ್ದದ್ದನ್ನು ಮೂರು ಮಾಡಿದೆ, ಅರ್ಧ ಸೇರಿನ ಹುರಳಿಯನ್ನು ಎರಡು ಸೇರು ಮಾಡಿದೆ.

ದಶಮಿಯ ಬೆಳಿಗ್ಗೆ ಹೋಗಿ ನೋಡಿದರೆ ಕುದುರೆ ನೀರು ಮುಟ್ಟಿರಲಿಲ್ಲ. ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತ ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಿತ್ತು. ಹೊಟ್ಟೆಶೂಲೆ. ಮಲಗಗೊಡದೆ ನಡೆಸುತ್ತಿರಬೇಕೆಂದು ಡಾಕ್ಟರು ಹೇಳಿದ್ದರು. ಹಗ್ಗ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ನಡೆಸಿದೆ. ಒಂಬತ್ತು ಸುತ್ತು ಆದ ಮೇಲೆ ಲೆಕ್ಕ ತಪ್ಪಿತು, ಅಥವಾ ಲೆಕ್ಕ ಬೇಡವಾಯಿತು. ಮಗ್ಗದ ಸಪ್ಪಳ ಒಂದೊಂದಾಗಿ ನಿಂತು ನೇಕಾರರೆಲ್ಲ ಬಾಗಿಲಿಗೆ ಬಂದರು. ಆಯಿ ಜಪಮಾಲೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಕೊನೆಗೆ ಕುದುರೆ ಬಾಲ ಎತ್ತಿ ಓಣಿಯ ನಟ್ಟನಡುವೆ ಲದ್ದಿ ಹಾಕಿತು. ನಾನು ಅದರ ಕುತ್ತಿಗೆ ತಬ್ಬಿಕೊಂಡೆ.

"ಮುಲ್ಕಿ ಪಾಸಾದಾಗೂ ಹಿಂಗ ಕುಣದಿರಲಿಲ್ಲಲೋ ನೀ," ಅಂದ ನೇಕಾರ ಕಾಕಾ.

ಕುದುರೆಯನ್ನು ವಾಪಸು ಕಟ್ಟುವಾಗ ಮೇವು ಹಾಕುವ ಗೋದಲಿಯ ಮೇಲೆ ಕಣ್ಣು ಬಿತ್ತು. ಅದರ ಮರದ ಅಂಚಿನಲ್ಲಿ ಹಲ್ಲಿನ ಗುರುತು, ಬೆಳ್ಳಗೆ, ಹೊಸದು. ಕೈಯಾಡಿಸಿದರೆ ಅದರ ಪಕ್ಕ ಹಳೆಯ ಗುರುತುಗಳೂ ಸಿಕ್ಕವು. ಕಣಕಿ ಬಣಿವೆಗಟ್ಟಲೆ ಇರುವಾಗ ಇದು ಕಟ್ಟಿಗೆ ಯಾಕೆ ಕಡಿಯುತ್ತದೆ? ಅಲ್ಲೇ ಕೂತು ಯೋಚಿಸಿದೆ. ತೀರ ಸರಳ ಸಂಗತಿ.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತದೆ. ದೀಪಕ್ಕೆ ಹುಳ ಬಿದ್ದು ಸಾಯುತ್ತವೆಂದು ಆಮೇಲೆ ಯಾರೂ ಹಿತ್ತಲಿಗೆ ದೀಪ ಒಯ್ಯುವುದಿಲ್ಲ. ಹೀಗಾಗಿ ಕುದುರೆಯದೂ ನಮ್ಮ ಊಟದ ಹೊತ್ತೇ ಆಗಿಹೋಗಿತ್ತು. ಹಗಲೆಲ್ಲ ಅದರ ಮುಂದೆ ಕಣಕಿ ಇರುತ್ತಿತ್ತು. ಸಂಜೆ ಗೋದಲಿ ಗುಡಿಸಿ, ಕಾಳೆಲ್ಲ ಒಂದೇ ಸಲ ಸುರಿದು, ಬಾಗಿಲು ಹಾಕಿದರೆ ಮತ್ತೆ ಬೆಳಗಾಗುವವರೆಗೆ ಒಂದು ಕಡ್ಡಿಯೂ ಇಲ್ಲ. ನಾವು ಮಲಗುತ್ತೇವೆ. ಕುದುರೆ ಮಲಗುವುದು ಸ್ವಲ್ಪ ಹೊತ್ತು, ಮೇಯುವ ಪ್ರಾಣಿ ಅದು. ನಾರು ತಿನ್ನುವ ಹೊಟ್ಟೆ ಇಡೀ ರಾತ್ರಿ ಖಾಲಿ. ಮುಂದೆ ಬೆಳಗಿನವರೆಗೆ ನಾರು ಕಾಣದ ಆ ಹೊಟ್ಟೆಗೆ ನಾನು ಸಂಜೆ ಒಂದೇ ಸಲಕ್ಕೆ ಎರಡು ಸೇರು ಹುರಳಿ, ಮೂರು ಚಟಾಕು ಅಗಸಿ ತುರುಕಿದ್ದೆ. ಯಾವ ಕಾಳು ಎಂದು ಆರಿಸುವುದರಲ್ಲೇ ಮುಳುಗಿ, ಯಾವಾಗ, ಎಷ್ಟು ಸಲ ಎನ್ನುವುದನ್ನು ಕೇಳಿಕೊಂಡೇ ಇರಲಿಲ್ಲ.

ಆಯಿಗೆ ಇದನ್ನು ಹೇಳುವುದು ಹೇಗೆ? ರಾತ್ರಿ ಮೇವು ಕೊಡಬೇಕು ಎಂದರೆ ಪರ್ವದ ದಿನಗಳಲ್ಲಿ ಒಪ್ಪುತ್ತಾಳೆಯೇ? ಹೆದರುತ್ತಲೇ ಹೇಳಿದೆ. ಆಯಿ ಹಿತ್ತಲಿಗೆ ಬಂದು, ಗೋದಲಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

"ಇಷ್ಟ ದಿವಸ ಹಸಗೊಂಡ ನಿಂತಿತ್ತೇನೋ ಇದು? ಮನ್ಯಾಗಿನ ಪ್ರಾಣಿ ಹಸದಿದ್ರ ನನ್ನ ಉಪವಾಸಕ್ಕ ಏನ್ ಫಲ ಬಂತು?" ಅಂದಳು. ಆಮೇಲೆ ತೀರ್ಪು ಕೊಟ್ಟಳು: "ಹೊತ್ತು ಮುಳುಗೂದರಾಗ ರಾತ್ರಿಗೂ ಆಗೂವಷ್ಟು ಇಟ್ಟಬಿಡು. ಇಡೂದು ನಮ್ಮ ಕೆಲಸ. ಯಾವಾಗ ತಿಂತಾಳ, ಅದು ಆಕಿ ಪಾಡು."

ಆದರೆ ಒಟ್ಟಿಗೇ ಇಟ್ಟರೆ ಒಟ್ಟಿಗೇ ತಿಂದು ತುಳಿದು ಹಾಳು ಮಾಡುತ್ತದೆ. ನೇಕಾರ ಕಾಕಾನನ್ನು ಕೇಳಿದೆ. ಅವನು ಮಗ್ಗದ ಹಳೆಯ ಹಗ್ಗಗಳಿಂದ ನಾಲ್ಕು ಬೆರಳು ಹಿಡಿಯುವ ಕಣ್ಣಿನ ಒಂದು ಜಾಳಗಿ ಹೆಣೆದುಕೊಟ್ಟ. ಅದರಲ್ಲಿ ಕತ್ತರಿಸಿದ ಕಣಕಿ ತುಂಬಿ ಕುದುರೆಯ ಎದೆಯೆತ್ತರಕ್ಕೆ ತೂಗುಹಾಕಿದೆ. ಕುದುರೆ ಒಂದೊಂದೇ ಎಳೆ ಜಗ್ಗಿ ತಿನ್ನಬೇಕು. ಬೆಳಿಗ್ಗೆ ಓಡಿಹೋಗಿ ನೋಡಿದರೆ ಜಾಳಗಿಯ ತಳದಲ್ಲಿ ಇನ್ನೂ ಒಂದು ಹಿಡಿ ಉಳಿದಿತ್ತು. ಗೋದಲಿಯ ಮೇಲೆ ಹೊಸ ಗುರುತಿರಲಿಲ್ಲ. ಆ ಸಂತೋಷಕ್ಕೆ ಅಪ್ಪನನ್ನು ಎಬ್ಬಿಸಿದೆ. ಬೈಸಿಕೊಂಡೆ.

ಹುರಳಿಯನ್ನು ಮುಂಜಾನೆ, ಮಧ್ಯಾಹ್ನ, ಸಂಜೆ ಎಂದು ಮೂರು ಪಾಲು ಮಾಡಿದೆ. ಒಂದು ಪಾಲು ಚೀಲದಲ್ಲಿ ಅರ್ಧ ಹೊರೆಯ ಟಾಂಗಾದ ಜೊತೆಗೇ ಜಮಖಂಡಿಗೆ ಹೋಗುತ್ತಿತ್ತು. ಅಗಸಿಯನ್ನು ಮತ್ತೆ ಒಂದು ಚಟಾಕಿನಿಂದ ಸುರು ಮಾಡಿ, ಐದು ದಿನಕ್ಕೊಮ್ಮೆ ಅಷ್ಟಷ್ಟೇ ಏರಿಸಿ ಎರಡಕ್ಕೆ ನಿಲ್ಲಿಸಿದೆ. ಪರ್ವ ಮುಗಿದ ಮೇಲೆ ಚಿಮ್ಮಡದ ಬಾವಿ ತೋಟವೊಂದರಿಂದ ದಿನಕ್ಕೊಂದು ಸಿವುಡು ಕುದುರೆಮೆಂತೆ ತರಿಸಿದೆವು. ಅದನ್ನು ಒಂದು ಹೊತ್ತು ಬಾಡಿಸಿ, ಕಣಕಿಯಲ್ಲಿ ಬೆರೆಸಿ ಕೊಟ್ಟೆ. ಅಳತೆಯ ದಡಿ ಐವತ್ತೇಳು ತೋರಿಸಿತು, ಆಮೇಲೆ ಐವತ್ತೇಳೂವರೆ. ಒಂದು ವಾರ ಅಲ್ಲೇ ನಿಂತಿತು. ಆ ವಾರ ನನಗೆ ಊಟ ಸೇರಲಿಲ್ಲ. ಖಂಡೇನವಮಿಯ ದಿನ ಟಾಂಗಾಕ್ಕೂ ಕುದುರೆಗೂ ಪೂಜೆ ಮಾಡುವ ಮೊದಲು ಅಳೆದೆ. ಐವತ್ತೆಂಟೂವರೆ. ಬೆನ್ನಿನ ತೊಲೆ ಎರಡೂ ಪಕ್ಕದ ಮಾಂಸದಲ್ಲಿ ಮುಳುಗಿ, ಅಲ್ಲಿ ನೀರು ನಿಲ್ಲುವಂಥ ಸಣ್ಣ ತಗ್ಗು ಬಂದಿತ್ತು.

ದಸರೆಯ ಮರುದಿನ ಮುಧೋಳದ ವ್ಯಾಪಾರಿ ಬೆಳಿಗ್ಗೆಯೇ ಬಂದರು. ದಪ್ಪ ಮನುಷ್ಯರು, ಬಾಯಿತುಂಬ ಮಾತು. ಅವರನ್ನೂ ಟಾಂಗಾದಲ್ಲಿ ಕೂರಿಸಿಕೊಂಡೆವು. ಹನ್ನೆರಡು ಗಂಟು, ಮೂರು ಜನ. ಜಮಖಂಡಿಯ ಏರು ಸುರುವಾದಾಗ ಅಪ್ಪ ಚಾಬೂಕನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಕುದುರೆ ತಲೆ ತಗ್ಗಿಸಿ, ಭುಜ ಕೊಟ್ಟು ಎಳೆಯಿತು. ಗೊರಸಿನ ಸಪ್ಪಳ ಒಂದೇ ಸಮನೆ ಇತ್ತು. ಮುಕ್ಕಾಲು ಏರು ಹತ್ತಿದ ಮೇಲೆ ಗಕ್ಕನೆ ನಿಂತಿತು.

ನಾನು ಅಪ್ಪನ ತೊಡೆಯ ಕೆಳಗಿನ ಚಾಬೂಕಿನ ಕಡೆ ನೋಡಿದೆ.

"ನಿಂತ್ಲಲ್ರಿ ಸಾವಕಾರ," ಅಂದರು ಮುಧೋಳದವರು.

ಕುದುರೆ ಹಿಂಗಾಲು ಅಗಲಿಸಿ, ಬಾಲ ಓರೆ ಮಾಡಿ, ನಿಧಾನವಾಗಿ, ಬಹಳ ಹೊತ್ತು ಉಚ್ಚೆ ಹೊಯ್ದಿತು. ಆಮೇಲೆ ಮೈ ಒಮ್ಮೆ ಜಾಡಿಸಿ, ಅಪ್ಪ ಹಗ್ಗ ಅಲುಗಿಸುವ ಮೊದಲೇ, ತಾನಾಗಿ ನಡೆಯಿತು.

"ಇಂಥಾದ್ದಕ್ಕಾದ್ರ ನಾನೂ ನಿಲ್ತೇನಿ ಬಿಡ್ರಿ," ಅಂದರು ಮುಧೋಳದವರು. ಏರಿನ ತುದಿ ಮುಟ್ಟುವವರೆಗೂ ಅವರ ಹೊಟ್ಟೆ ನಗೆಯಲ್ಲಿ ಅಲುಗುತ್ತಲೇ ಇತ್ತು.

ಮೇಲೆ ಮುಟ್ಟಿದ ಮೇಲೆ ಅಪ್ಪ ಇಳಿದು ಕುದುರೆಯ ಎದೆಗೆ ಅಂಗೈ ಇಟ್ಟು ಉಸಿರು ನೋಡಿದರು. ನನ್ನ ಕಡೆ ನೋಡಲಿಲ್ಲ. ಮುಧೋಳದವರಿಗೆ ಹೇಳಿದರು: "ತಪ್ಪ ತಿಳ್ಕೋಬ್ಯಾಡ್ರಿ. ಕುದುರಿ ಕೊಡೂದಿಲ್ಲ."

"ಅದು ನನಗ ಏರಿನ್ಯಾಗ ತಿಳೀತ್ರಿ. ಖರೆ ಹೇಳ್ರಿ, ಏನ್ ತಿನಸೀರಿ?"

"ಇಂವನ್ನ ಕೇಳ್ರಿ. ಕುದುರಿಗೆ ಅಗಸಿ ತಿನಸಿದಾ, ನನ್ನ ತಲಿ ತಾ ತಿಂದಾ."

ನಾನು ಹೇಳತೊಡಗಿದೆ. ಪೇಟೆ ಬಂದು, ಗಂಟು ಇಳಿಸಿ, ಅವರು ಊರಿಗೆ ಹೊರಡಲು ಎದ್ದು ನಿಂತರೂ ನನ್ನ ಮಾತು ಮುಗಿದಿರಲಿಲ್ಲ.

ಇಷ್ಟಾದರೂ ನನಗೆ ತಿಳಿಯದ್ದು ಇನ್ನೂ ಬಹಳ ಇದೆ. ಗುಣ ಬಂದದ್ದು ಅಗಸಿಯಿಂದಲೋ, ಕುದುರೆಮೆಂತೆಯಿಂದಲೋ, ಇಲ್ಲವೇ ರಾತ್ರಿಯ ಕಣಕಿಯೊಂದರಿಂದಲೇ ಬಂತೋ? ಒಂದು ಮುಗಿಯುವ ಮೊದಲೇ ಇನ್ನೊಂದು ಸೇರಿಸಿದ್ದರಿಂದ ಬಿಡಿಸಿ ಹೇಳಲಾರೆ. ಬೇಸಿಗೆಯಲ್ಲಿ ಅಗಸಿ ಉಷ್ಣವಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಕುದುರೆಮೆಂತೆ ಸಿಗದ ತಿಂಗಳುಗಳಲ್ಲಿ ಬೀಳಗಿಯ ಕಡೆಯ ಓದುಗರು ಕಣಕಿಯ ಜೊತೆ ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ? ಕುದುರೆ ಸಾಕಿದವರು, ಮೇವು ಹಾಕಿ ಅಳೆದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಚಟಾಕಿನ ಲೆಕ್ಕದಲ್ಲಿ ಬರೆದರೆ ಇನ್ನೂ ಉಪಕಾರ.