ಅಮ್ಲು ಗಂಡನಿಗಿಟ್ಟ ಎಡೆ

ಅವಳ ಪೂರ್ತಿ ಹೆಸರು ಸಿಸ್ಟರ್ ಅಮಲೋರ್ಪವಂ. ನಮ್ಮ ಹೆಸರಘಟ್ಟದಲ್ಲಿ ಅದನ್ನ ತೊದಲದೆ ಹೇಳೋರು ಯಾರಾದ್ರೂ ಇದ್ರೆ ಬನ್ನಿ, ಒಂದು ಲೀಟರ್ ಹಾಲು ಪುಕ್ಕಟೆ ಕೊಡ್ತೀನಿ. ನಮ್ಮತ್ತೆ ಮಾರಕ್ಕ ಮಾತ್ರ ಆ ಹೆಸರನ್ನ ಕತ್ತರಿಸಿ ಅಮ್ಲು ಅಂತ ಮಾಡಿದ್ರು. ಈಗ ಊರಿಗೆಲ್ಲ ಅದೇ ಹೆಸರು.

ನಾನು ಜ್ಯೋತಿಲಕ್ಷ್ಮಿ. ಸೀಮೆಹಸು ಸಾಕಿದೀನಿ, ಡೈರಿಗೆ ಹಾಲು ಹಾಕ್ತೀನಿ. ನನ್ನ ಬಾಯಿ ಜೋರು ಅಂತಾರೆ. ಅನ್ಲಿ ಬಿಡಿ, ಹಸು ಮೇಯ್ಸೋದು ಅವರಲ್ಲವಲ್ಲ.

ಹೋದ ವರ್ಷ ಶ್ರಾವಣದಲ್ಲಿ ಡೈರಿ ಹಿಂದಿನ ಮನೇನ ಇಬ್ಬರು ಸಿಸ್ಟರ್‌ಗಳು ಬಾಡಿಗೆಗೆ ತಗೊಂಡ್ರು. ಒಬ್ಬರು ವಯಸ್ಸಾದ ಮದರ್. ಇನ್ನೊಬ್ಬಳೇ ಈ ಅಮ್ಲು, ಇಪ್ಪತ್ತನಾಲ್ಕು ವರ್ಷದ ಹುಡುಗಿ. ನರ್ಸಿಂಗ್ ಓದಿ, ಸನ್ಯಾಸ ತಗೊಂಡು, ಮೊದಲನೇ ಸಲ ಸೇವೆಗೆ ಅಂತ ಕಳಿಸಿದ್ದು ಇಲ್ಲಿಗೇ. ತೂತುಕುಡಿ ಆಚೆ ಸಮುದ್ರದ ದಡದವಳು, ಅಪ್ಪ ಮೀನು ಹಿಡಿಯೋರು. ನಮಗೆ ಬೆಂಗಳೂರು ಕೂಗಳತೆ ದೂರ. ಅವಳಿಗೆ ನಮ್ಮೂರು ಉತ್ತರದ ತುದಿ, ಹಿಮಾಲಯದ ಪಕ್ಕದ್ದು. ಕೆರೆ ಕಡೆಯಿಂದ ಒಂಚೂರು ಗಾಳಿ ಬೀಸಿದ್ರೆ ಸಾಕು, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು, ಚಪ್ಪಲಿ ಒಳಗೆ ಕಾಲುಚೀಲ ತೂರಿಸ್ಕೊಂಡು ಓಡಾಡೋಳು. ಹಸು ಕಂಡ್ರೆ ಪ್ರಾಣಭಯ ಬೇರೆ! ನಮ್ಮ ಗೌರಿ ಬಾಲ ಅಲ್ಲಾಡಿಸಿದ್ರೂ ಹಾರಿ ಚರಂಡಿ ಆಚೆ ನಿಲ್ಲೋಳು. ಇಂಥವಳನ್ನ ತಂದು ಹೆಸರಘಟ್ಟಕ್ಕೆ ಹಾಕಿದಾರಲ್ಲ, ಆ ಮದರ್‌ಗೆ ಬೇರೆ ಊರು ಸಿಗಲಿಲ್ವಾ ಅಂತ ನಾನು ನಕ್ಕಿದ್ದೆ.

ಅವಳ ಕೆಲಸ ಏನಪ್ಪಾ ಅಂದ್ರೆ, ಹಾಸಿಗೆ ಹಿಡಿದೋರ ಮನೆಗೆ ಹೋಗಿ ಮೈ ಒರೆಸೋದು, ಹುಣ್ಣು ತೊಳೆದು ಪಟ್ಟಿ ಕಟ್ಟೋದು. ಕಾಸು ಕೇಳಲ್ಲ. ಕಾಸು ಕೇಳಲ್ಲ ಅಂದಿದ್ದಕ್ಕೇ ಊರೋರಿಗೆ ಅನುಮಾನ ಬಂತು. ಪುಕ್ಕಟೆ ಯಾರು ಮಾಡ್ತಾರೆ, ನಾಳೆ ಬೆಳಿಗ್ಗೆ ಕೊರಳಿಗೆ ಶಿಲುಬೆ ಹಾಕಿಬಿಟ್ರೆ ಅಂತ ಒಬ್ಬೊಬ್ಬರೂ ಗೇಟಿನ ಹತ್ರಾನೇ ಮಾತಾಡಿ ಸಾಗಹಾಕೋರು. ನಾನೂ "ಬೇಡಮ್ಮ, ಮುಂದಕ್ಕೆ ಹೋಗು" ಅಂದೋಳೇ. ಅವಳು ನಕ್ಕೊಂಡು "ಸರಿ ಅಕ್ಕಾ" ಅನ್ನೋಳು, ಪಕ್ಕದ ಮನೆ ಗೇಟಿಗೆ ಹೋಗೋಳು. ಅಲ್ಲೂ ಅದೇ ಕತೆ. ಆಮೇಲೆ ನೀರಿನ ಟ್ಯಾಂಕ್ ಹಿಂದೆ ನಿಂತು ಅಳ್ತಿದ್ಲಂತೆ, ಪಾಪ. ದಸರಾ ಒಳಗೆ ಒಂದು ಮನೆಯಾದ್ರೂ ಬಾಗಿಲು ತೆಗೀದಿದ್ರೆ ಅವಳನ್ನ ವಾಪಸ್ ಕರೆಸ್ಕೊಳ್ತೀವಿ ಅಂತ ಮದರ್ ಹೇಳಿಬಿಟ್ಟಿದ್ರು.

ನಮ್ಮನೇಲಿ ಆಗ ದೊಡ್ಡ ಸಂಕಟ ನಡೀತಿತ್ತು. ಅತ್ತೆ ಆಷಾಢದಲ್ಲಿ ಕೊಟ್ಟಿಗೇಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರು. ಈ ವಯಸ್ಸಲ್ಲಿ ಆಪರೇಷನ್ ಬೇಡ ಅಂತ ಡಾಕ್ಟರು ಮನೆಗೆ ಕಳಿಸಿದ್ರು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಯ್ತು. ಅಂಗೈಯಗಲ, ಅಂಚೆಲ್ಲ ಕಪ್ಪಗೆ. ಆಶಾ ಕಾರ್ಯಕರ್ತೆ ನೋಡಿ, "ದಿನಾ ತೊಳೆದು ಪಟ್ಟಿ ಹಾಕ್ಲಿಲ್ಲ ಅಂದ್ರೆ ನಂಜು ಮೂಳೆಗೆ ಇಳಿಯುತ್ತೆ, ಆಮೇಲೆ ಅಜ್ಜಿ ಉಳಿಯಲ್ಲ" ಅಂತ ಮುಖಕ್ಕೇ ಹೇಳಿಹೋದ್ಲು. ಅತ್ತೆ ಕೇಳ್ಬೇಕಲ್ಲ! ನರ್ಸ್ ಕರೆಸಿದ್ರೆ ಸೀರೆ ಬಿಗಿಯಾಗಿ ಹಿಡ್ಕೊಂಡು, "ಕಂಡೋರ ಮುಂದೆ ಮೈ ಬಿಚ್ಚಲ್ಲ, ಸತ್ರೆ ಸಾಯ್ತೀನಿ" ಅಂತ ಕಿರುಚೋರು. ನನಗೋ ಸಗಣಿ ಗಂಜಲ ಎಲ್ಲ ಸೈ, ಹುಣ್ಣು ನೋಡಿದ್ರೆ ಕಣ್ಣು ಕತ್ತಲೆ ಬರುತ್ತೆ. ಎರಡು ಸಲ ಪಟ್ಟಿ ಬಿಚ್ಚೋಕೆ ಹೋಗಿ ನಾನೇ ಗೋಡೆ ಹಿಡ್ಕೊಂಡು ಕೂತೆ.

ಅತ್ತೆ ಮಂಚ ಬೀದಿ ಕಡೆ ಕಿಟಕಿ ಹತ್ರ ಇತ್ತು. ಕಣ್ಣಿಗೆ ಪೊರೆ ಬಂದಿದ್ರೂ ಬೀದೀಲಿ ಯಾರು ಬಂದ್ರು ಯಾರು ಹೋದ್ರು ಅನ್ನೋದೆಲ್ಲ ಅವರಿಗೆ ಬೇಕು. ಒಂದು ದಿನ ನನ್ನ ಕರೆದು, "ಜೋತಿ, ಆ ಮಗೀನ ಒಳಿಕ್ಕೆ ಕರಿ" ಅಂದ್ರು.

"ಯಾವ ಮಗು?"

"ಅದೇ ಕಣೇ, ಬಿಳಿ ಸೀರೇದು. ದಿನಾ ನೋಡ್ತಾ ಇವ್ನಿ. ಒಂದು ಮನೇಲೂ ಸೇರಿಸ್ತಿಲ್ಲ ಅದನ್ನ. ಅಣೆಗೆ ಕುಂಕುಮ ಇಲ್ಲ, ಕೈಗೆ ಬಳೆ ಇಲ್ಲ. ಇಷ್ಟು ಚಿಕ್ಕ ವಯಸ್ಸಿಗೇ ಗಂಡುನ್ನ ಕಳ್ಕಂಡದೆ. ಮುಖ ನೋಡಿದ್ರೆ ಕೇಡು ಅಂತ ಓಡಿಸ್ತಾವ್ರೆ, ಹಾಳಾದೋರು!"

ಅತ್ತೆ ಕಂಡಿದ್ದ ಸಿಸ್ಟರ್‌ಗಳೆಲ್ಲ ತಲೆಗೆ ಮುಸುಕು ಹಾಕ್ಕೊಂಡು ನಿಲುವಂಗಿ ತೊಟ್ಟೋರು. ಇವಳು ಎಣ್ಣೆ ಹಚ್ಚಿ ಜಡೆ ಹಾಕಿ ಬಿಳಿ ಸೀರೆ ಉಟ್ಟೋಳು. ಶಿಲುಬೆ ಆ ಸ್ವೆಟರ್ ಒಳಗೆಲ್ಲೋ ಬೆಚ್ಚಗೆ ಮಲಗಿತ್ತು.

ನಮ್ಮತ್ತೆ ಯಾಕೆ ಹಾಗಂದ್ಕೊಂಡ್ರು ಅಂತ ನೀವು ತಿಳ್ಕೋಬೇಕು. ಮಾವ ಚಿಕ್ಕಮಾರಯ್ಯ ರಾಗಿ ಹೊಲದಲ್ಲಿ ಹಾವು ಕಚ್ಚಿ ತೀರ್ಕೊಂಡಾಗ ಅತ್ತೆಗೆ ಇಪ್ಪತ್ತೆರಡು ತುಂಬಿರಲಿಲ್ಲ. ಕಂಕುಳಲ್ಲಿ ನಮ್ಮ ಮನೆಯವರು, ಶಿವರಾಮ್. ಬೆಳಿಗ್ಗೆ ನೀರಿಗೆ ಹೊರಟ್ರೆ ಎದುರಿಗೆ ಬಂದೋರು ಥೂ ಅಂತ ಉಗಿದು ವಾಪಸ್ ಹೋಗೋರಂತೆ. ಮದುವೆ ಮನೇಲಿ ಹಿತ್ತಲಲ್ಲಿ ಪಾತ್ರೆ ತಿಕ್ಕೋಕೆ ಕೂರಿಸೋರಂತೆ. ಅದನ್ನೆಲ್ಲ ಅನುಭವಿಸಿದ ಜೀವಕ್ಕೆ, ಗೇಟಿಂದ ಗೇಟಿಗೆ ಅಲೀತಿದ್ದ ಆ ಹುಡುಗಿ ಇನ್ನೇನಾಗಿ ಕಾಣಬೇಕಿತ್ತು ಹೇಳಿ.

ನಾನು ಹೋಗಿ ಕರೆದೆ. ಅಮ್ಲು ಓಡಿಕೊಂಡೇ ಬಂದ್ಲು, ಗೌರಿ ಪಕ್ಕದಲ್ಲೇ ಹಾದುಬಂದಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಅತ್ತೆ ಅವಳ ಕೈ ಹಿಡ್ಕೊಂಡು ಗೊಳೋ ಅಂತ ಅತ್ರು. ಅಮ್ಲೂಗೆ ಆಗ ಕನ್ನಡ ಅಂದ್ರೆ "ಊಟ ಆಯ್ತಾ", "ನೋವು ಇದ್ಯಾ" ಇಂಥ ನಾಲ್ಕು ಮಾತು ಅಷ್ಟೇ. ಅಜ್ಜಿ ನೋವಿಗೆ ಅಳ್ತಿದಾರೆ ಅಂದ್ಕೊಂಡು "ಪಾಟಿ, ನಾನು ನೋಡ್ಲಾ?" ಅಂತ ಅತ್ತೆ ಬೆನ್ನಿನ ಕಡೆ ಕೈ ತೋರಿಸಿದ್ಲು. ಪಾಟಿ ಅಂದ್ರೆ ತಮಿಳಲ್ಲಿ ಅಜ್ಜಿ. ಯಾರಿಗೂ ಸೆರಗು ಸರಿಸದ ನಮ್ಮತ್ತೆ ಆವತ್ತು ಮಗ್ಗುಲಾದ್ರು. ನನಗೆ ಹೋದ ಜೀವ ಬಂದಂಗಾಯ್ತು.

ಅವಳ ಕೈ ನೋಡ್ಬೇಕಿತ್ತು ನೀವು! ಉಪ್ಪುನೀರು ಕಾಯಿಸಿ ಆರಿಸಿ ತೊಳೆಯೋಳು, ಸತ್ತ ಚರ್ಮ ತೆಗೆಯೋಳು, ಗಳಿಗೆಗೊಂದು ಸಲ "ಪಾಟಿ, ನೋವು ಇದ್ಯಾ" ಅಂತ ಕೇಳೋಳು. ಅತ್ತೆ ಹಲ್ಲು ಕಚ್ಚಿಕೊಂಡು "ಇಲ್ಲ ಕಣವ್ವ" ಅಂತ ಸುಳ್ಳು ಹೇಳೋರು. ಆಮೇಲೆ ತಮ್ಮ ಹಳೇ ಕತೆ ಎಲ್ಲ ಹೇಳ್ಕೊಳ್ಳೋರು, ನನಗೂ ಹೇಳದ ಕತೆ. ಅವಳಿಗೆ ಅರ್ಧ ಅರ್ಥವಾಗ್ತಿತ್ತು, ಅರ್ಧ ಇಲ್ಲ, ಆದ್ರೆ ಕೇಳಿಸ್ಕೊಳ್ಳೋಳು, ಹಾಗೇ ಕನ್ನಡಾನೂ ಕಲಿತ್ಲು. ಕಪ್ಪಗಿದ್ದ ಹುಣ್ಣು ದಿನೇ ದಿನೇ ಕೆಂಪಗಾಯ್ತು, ಅಂಚು ಒಳಕ್ಕೆ ಬಂತು. ಅಕ್ಕಪಕ್ಕದೋರೂ ನೋಡಿದ್ರು, ಒಬ್ಬೊಬ್ಬರೇ ಅವಳನ್ನ ಕರೆಯೋಕೆ ಶುರು ಮಾಡಿದ್ರು.

ಸತ್ಯ ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಅತ್ತೆ ಬದುಕಬೇಕಿತ್ತು, ಅಷ್ಟೇ.

ಪಿತೃಪಕ್ಷ ಬಂದು ಎಲ್ಲ ಎಡವಟ್ಟಾಯ್ತು. ಮಹಾಲಯ ಅಮಾವಾಸ್ಯೆ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡ್ತೀವಿ. ಸತ್ತೋರು ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ, ಅವರಿಗಿಷ್ಟವಾದ ಅಡುಗೆ, ಹೊಸ ಬಟ್ಟೆ. ಮಾವನಿಗೆ ಮಟನ್ನು, ಒಂದು ಕಟ್ಟು ಬೀಡಿ. ಹಬ್ಬಕ್ಕೆ ಮೂರ್ನಾಲ್ಕು ದಿನ ಇದೆ ಅನ್ನೋವಾಗ ಅತ್ತೆ ನನಗೆ, "ಈ ಸಲ ಒಂದು ಎಲೆ ಜಾಸ್ತಿ ಆಕು. ಅಮ್ಲು ಗಂಡುಂಗೆ. ಇಷ್ಟು ದೂರ ಬಂದು ಆ ಮಗು ಎಲ್ಲಿ ಎಡೆ ಇಟ್ಟಾತು? ಒಂದು ಪಂಚೆ, ಒಂದು ಶರಟು ತರ್ಸು. ಅವುನಿಗೆ ಮೀನು ಇಷ್ಟ ಇದ್ದಾತು, ಸಮುದ್ರದ ಕಡೆಯೋನು" ಅಂದ್ರು.

ಆವತ್ತು ಸಂಜೆ ಅಮ್ಲೂನ ಕೊಟ್ಟಿಗೆ ಹತ್ರ ನಿಲ್ಲಿಸ್ಕೊಂಡು, ನನಗೆ ಬರೋ ಹರುಕುಮುರುಕು ತಮಿಳಲ್ಲಿ ಎಲ್ಲ ಹೇಳಿದೆ. ಅವಳು ಮುಖ ಮುಚ್ಕೊಂಡ್ಲು.

"ಅಕ್ಕಾ, ನಾನು ಈಗಲೇ ಪಾಟಿಗೆ ಹೇಳ್ತೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ? ಗಾಯ ಮುಚ್ಚೋವರೆಗೂ ಸುಮ್ನಿರು. ಅವರು ಮತ್ತೆ ಬಾಗಿಲು ಹಾಕ್ಕೊಂಡ್ರೆ ಯಾರು ತೊಳೀತಾರೆ, ನಾನಾ?"

"ನಿಮ್ಮತ್ತೆ ನನಗೋಸ್ಕರ ದಿನಾ ಅಳ್ತಾರೆ ಅಕ್ಕಾ. ಸುಳ್ಳಿಗೆ ಅಳ್ತಾರೆ. ನಾನು ಹೇಗೆ ಅವರ ಮೈ ಮುಟ್ಲಿ?"

"ಮುಟ್ಟು! ಬದುಕಲಿ ಮುದುಕಿ, ಆಮೇಲೆ ನಿನ್ನ ಸತ್ಯ ಕಟ್ಕೊಂಡು ಕುಣಿ" ಅಂದುಬಿಟ್ಟೆ. ಆಮೇಲೆ ಕೈ ಮುಗಿದೆ. ಹಬ್ಬದ ದಿನ ಏನೂ ಮಾತಾಡದೆ ಇರ್ತೀನಿ ಅಂತ ಅವಳು ಒಪ್ಪಿದ್ಲು, ಮನಸ್ಸಿಲ್ಲದ ಮನಸ್ಸಿಂದ.

ಅಮಾವಾಸ್ಯೆ ದಿನ ಶಿವರಾಮ್ ಅತ್ತೇನ ಎತ್ತಿಕೊಂಡು ಬಂದು ದಿಂಬು ಒತ್ತಿಟ್ಟು ಒರಗು ಕುರ್ಚೀಲಿ ಒಂದೈದು ನಿಮಿಷಕ್ಕೆ ಅಂತ ಕೂರಿಸಿದ್ರು. ನಡುಮನೇಲಿ ಸಾಲಾಗಿ ಎಲೆಗಳು. ಕೊನೇ ಎಲೆ ಮುಂದೆ ಹೊಸ ಪಂಚೆ, ನೀಲಿ ಗೆರೆ ಶರಟು. ಮೀನಿನ ಸಾರು ಹಬೆಯಾಡ್ತಿತ್ತು. ಅಮ್ಲು ಬಾಗಿಲ ಹತ್ರ ಗೋಡೆಗಂಟಿಕೊಂಡು ನಿಂತಿದ್ಲು. ಎಲ್ಲ ಎಡೆಗೂ ಶಿವರಾಮ್ ಧೂಪ ಹಾಕಿದ್ರು. ಕೊನೇ ಎಲೆ ಹತ್ರ ಬಂದಾಗ ಅತ್ತೆ, "ನಿಲ್ಲಪ್ಪ" ಅಂದ್ರು. "ಅಮ್ಲು, ಬಾವ್ವ. ನಿನ್ ಗಂಡುಂಗೆ ನೀನೇ ಧೂಪ ಆಕು. ನಂಗೆ ನನ್ ಗಂಡುಂಗೆ ಆಕಕ್ಕೆ ಬಿಡಲಿಲ್ಲ ಅವತ್ತು, ಮುಂಡೆ ಮುಂದಕ್ಕೆ ಬರಬಾರದು ಅಂದ್ರು. ನೀನು ಬಾ, ಯಾರು ಬೇಡ ಅಂತಾರೋ ನಾನೂ ನೋಡ್ತೀನಿ."

ನಾನು ಅತ್ತೆ ಹಿಂದೆ ನಿಂತು ಅಮ್ಲೂಗೆ ಸನ್ನೆ ಮಾಡಿದೆ: ಹಾಕೇ, ಒಂದು ಚಿಟಿಕೆ ಸಾಂಬ್ರಾಣಿ ತಾನೇ, ಹಾಕಿಬಿಡು. ಅವಳು ನನ್ನ ಕಡೆ ನೋಡಲೇ ಇಲ್ಲ. ಸೀದಾ ಬಂದು ಅತ್ತೆ ಕಾಲ ಹತ್ರ ಮಂಡಿಯೂರಿ ಕೂತು, ಸ್ವೆಟರ್ ಒಳಗಿಂದ ಶಿಲುಬೆ ಈಚೆ ತೆಗೆದ್ಲು.

"ಪಾಟಿ, ಕ್ಷಮಿಸಿ. ನನಗೆ ಮದುವೆ ಆಗಿಲ್ಲ. ಗಂಡ ಯಾವತ್ತೂ ಇರಲಿಲ್ಲ. ನಾನು ದೇವರ ಕೆಲಸಕ್ಕೆ ಬಂದವಳು. ಈ ಬಿಳಿ ಸೀರೆ ನಾನೇ ಕೇಳಿ ಉಟ್ಕೊಂಡಿದ್ದು."

ಶಿವರಾಮ್ ಕೈಲಿದ್ದ ಧೂಪದ ಬಟ್ಟಲಲ್ಲಿ ಕೆಂಡ ಚಟ್ ಅಂತು. ನನಗೆ ಆ ಹುಡುಗಿ ಕೆನ್ನೆಗೆ ಎರಡು ಬಿಡೋಣ ಅನ್ನೋಷ್ಟು ಕೋಪ ಬಂತು. ಮುಗೀತು, ನಾಳೆಯಿಂದ ಅತ್ತೆ ಸೀರೆ ಬಿಗಿಹಿಡ್ಕೊಳ್ತಾರೆ, ಹುಣ್ಣು ಮತ್ತೆ ಕಪ್ಪಾಗುತ್ತೆ, ಇವರನ್ನ ಕಳ್ಕೊಳ್ತೀನಿ ಅಂದ್ಕೊಂಡೆ.

ಅತ್ತೆ ಕೇಳಿದ್ರು, "ಅಂಗಾದ್ರೆ ಯಾರೂ ಸತ್ತಿಲ್ವಾ?"

"ಇಲ್ಲ ಪಾಟಿ."

"ಆ ಉಡುಗ?"

"ಹುಡುಗ ಇರಲೇ ಇಲ್ಲ ಪಾಟಿ."

"ನಿನ್ ಬಳೆ ಯಾರು ಒಡೆದ್ರು ಮತ್ತೆ?"

"ಯಾರೂ ಒಡೀಲಿಲ್ಲ. ನಾನೇ ಬಿಚ್ಚಿ ತಂಗಿಗೆ ಕೊಟ್ಟೆ."

ಅತ್ತೆ ಅವಳ ಕೈ ಎಳ್ಕೊಂಡ್ರು. ನಮ್ಮತ್ತೆ ಎರಡೂ ಮಣಿಕಟ್ಟಲ್ಲಿ, ಮಾವ ತೀರ್ಕೊಂಡಾಗ ಕಲ್ಲಿಗೆ ಕುಕ್ಕಿಸಿ ಬಳೆ ಒಡೆದಾಗ ಗಾಜು ಹೊಕ್ಕ ಗುರುತು ಇವತ್ತಿಗೂ ಇದೆ. ಅಮ್ಲು ಮಣಿಕಟ್ಟನ್ನ ತಿರುಗಿಸಿ ತಿರುಗಿಸಿ, ಕಣ್ಣು ಸರಿಯಾಗಿ ಕಾಣದ್ದಕ್ಕೆ ಬೆರಳಲ್ಲಿ ಸವರಿ ಸವರಿ ನೋಡಿದ್ರು.

"ಜೋತಿ, ಇಲ್ನೋಡೇ" ಅಂದ್ರು. "ಒಂದು ಗೀರೂ ಇಲ್ಲ."

ಅಷ್ಟು ಹೇಳಿ ಜೋರಾಗಿ ಅಳೋಕೆ ಶುರು ಮಾಡಿದ್ರು, ಅಳ್ತಾ ಅಳ್ತಾನೇ ನಕ್ರು. "ಸದ್ಯ! ಸದ್ಯ ಕಣಪ್ಪಾ ದೇವ್ರೇ, ಯಾರೂ ಸತ್ತಿಲ್ಲ! ಇಲ್ದೇ ಇರೋ ಅಳಿಯನಿಗೆ ಒಂದು ತಿಂಗಳು ಅತ್ತು ದಿಂಬೆಲ್ಲ ಒದ್ದೆ ಮಾಡ್ಕಂಡ್ನಲ್ಲೇ ಅಮ್ಲು!" ನಾನೂ ಅತ್ತುಬಿಟ್ಟೆ. ಶಿವರಾಮ್ ಧೂಪದ ಹೊಗೆ ಅಂತ ಕಣ್ಣು ಒರೆಸ್ಕೊಂಡ್ರು.

ಆಮೇಲೆ ಒಂದೇ ಸಮ ಹುಕುಂ ಶುರುವಾಯ್ತು. "ಆ ಎಲೆ ತೆಗೀರಿ ಅಲ್ಲಿಂದ, ಅಪಶಕುನ. ಮಗೀಗೆ ಬೇರೆ ಎಲೆ ಆಕಿ, ಪಾತ್ರೆಯಿಂದ ಬಿಸೀದು ಬಡ್ಸಿ. ಪಂಚೆ ಶರಟು ಅವರಪ್ಪುಂಗೆ ಕಳ್ಸು, ಬದುಕವ್ನಂತೆ ತಾನೇ." ಅಮ್ಲು ಕಣ್ಣೀರು ಕಾಣಬಾರದು ಅಂತ ಗೋಡೆ ಕಡೆ ತಿರುಗಿ ಕೂತು ಮೀನಿನ ಸಾರಲ್ಲಿ ಊಟ ಮಾಡಿದ್ಲು. ಮೂರು ಸಲ ಅನ್ನ ಹಾಕಿಸ್ಕೊಂಡ್ಲು.

ಅತ್ತೇನ ಮತ್ತೆ ಮಂಚಕ್ಕೆ ಮಲಗಿಸಿದ್ವಿ. ಪಟ್ಟಿ ಬದಲಾಯಿಸೋ ಹೊತ್ತಾಗಿತ್ತು. ಅಮ್ಲು ಬಾಗಿಲಲ್ಲೇ ನಿಂತಿದ್ಲು, ಒಳಗೆ ಬರೋಕೆ ಧೈರ್ಯ ಸಾಲದೆ.

ಅತ್ತೆ ಮಂಚದ ಸರಳು ಹಿಡ್ಕೊಂಡು, ಯಾರ ಸಹಾಯನೂ ಇಲ್ಲದೆ, ನರಳ್ತಾ ನರಳ್ತಾ ತಾವೇ ಮಗ್ಗುಲಾದ್ರು. ಸೆರಗು ತಾವೇ ಸರಿಸಿದ್ರು.

"ಏನ್ ನಿಂತ್ಕಂಡು ನೋಡ್ತಾ ಇದ್ದೀಯ? ಕೈ ತೊಳ್ಕಂಡ್ ಬಾ" ಅಂದ್ರು.