ಚೇಚಿಯ ಹಾಲಿನ ಚೀಲ

ನಮ್ಮ ಮನೆಯವರಿಗೆ ಅಂಬಲಮುಗಳ್ ರಿಫೈನರಿಗೆ ವರ್ಗವಾಗಿ ನಾವು ಮೈಸೂರಿನಿಂದ ಕಲೂರಿನ ಫ್ಲ್ಯಾಟಿಗೆ ಬಂದಾಗ ಎದುರು ಮನೆಯಲ್ಲಿ ಒಬ್ಬರೇ ಇದ್ದವರು ಚೇಚಿ. ಎಪ್ಪತ್ತೆಂಟು ದಾಟಿದ, ಮದುವೆಯಾಗದ, ನಿವೃತ್ತ ನರ್ಸು. ಅಜ್ಜಿಯೆಂಬಂತೆ ಮಾತಾಡಿಸಿದರೆ ಮುಖ ಗಂಟಿಕ್ಕುತ್ತಿದ್ದರು. ಮಲಯಾಳದಲ್ಲಿ ಅಕ್ಕ ಎಂಬರ್ಥದ 'ಚೇಚಿ'ಯೇ ಆಗಬೇಕಿತ್ತು. ಕಣ್ಣಿನ ಪೊರೆಯ ಆಪರೇಷನ್ ಆದ ತಿಂಗಳು ಅವರ ಕೈ ನಡುಗುತ್ತಿದ್ದರಿಂದ ದಿನಕ್ಕೆ ನಾಲ್ಕು ಸಲ ನಾನೇ ಹೋಗಿ ಔಷಧಿಯ ಹನಿ ಹಾಕುತ್ತಿದ್ದೆ. "ಕೈ ತೊಳೆದ್ಯಾ, ಮೋಳೇ?" ಎಂದು ವಿಚಾರಿಸದೆ ಕಣ್ಣು ತೆರೆದವರಲ್ಲ. ಮಗಳೇ ಎನ್ನಿಸಿಕೊಳ್ಳುವ ಖುಷಿಗೆ ಆ ದರ್ಪವನ್ನೂ ಸಹಿಸಿಕೊಂಡೆ. ಒಳ್ಳೆಯವಳು ಎನ್ನಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಕೊನೆಗೆ ಒಬ್ಬರ ಮನೆಯ ಕೀ ಇನ್ನೊಬ್ಬರ ಹತ್ತಿರ ಇಡುವಷ್ಟು ಹತ್ತಿರವಾದೆವು.

ಒಂದು ದಿನ ತಿರುವನಂತಪುರದಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ಬೆಳಗಿನ ರೈಲಿಗೆ ಹೊರಟು ಬೀಗ ಹಾಕುವಾಗ ನೋಡಿದರೆ, ಚೇಚಿಯ ಬಾಗಿಲ ಹಿಡಿಕೆಗೆ ನೇತುಹಾಕಿದ್ದ ಹಾಲಿನ ಚೀಲವನ್ನು ಬೆಕ್ಕೊಂದು ಜಗ್ಗುತ್ತಿತ್ತು. ಮಲಗಿರುವವರನ್ನು ಎಬ್ಬಿಸುವುದೇಕೆ ಎಂದು ಚೀಲ ಸಮೇತ ಹಾಲನ್ನು ನಮ್ಮ ಫ್ರಿಜ್ಜಿನಲ್ಲಿಟ್ಟೆ. ಹಾಲಿನ ವಿಷಯ ಹೇಳಲು ರೈಲಿನಿಂದ ಚೇಚಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಊಟ, ಹರಟೆಯಲ್ಲಿ ಮರೆತೇಬಿಟ್ಟೆ.

ಸಂಜೆ ಏಳಕ್ಕೆ ಬಂದು ಬೆಲ್ ಒತ್ತಿದರೆ ಸದ್ದಿಲ್ಲ. ನನ್ನ ಹತ್ತಿರವಿದ್ದ ಕೀ ಹಾಕಿ ತೆರೆದೆ. ಬಚ್ಚಲಲ್ಲಿ ಬಿದ್ದಿದ್ದರು, ಸೊಂಟ ಮುರಿದಿತ್ತು. ಬೆಳಗ್ಗೆ ಐದಕ್ಕೇ ಬಿದ್ದವರು.

ಆಸ್ಪತ್ರೆಯಲ್ಲಿ ಮಾತಾಡುವಂತಾದಾಗ ಚೇಚಿ ಹೇಳಿದರು: "ವಾಚ್‌ಮನ್ ಎಂಟಕ್ಕೆ ಕಾರಿಡಾರಿನ ದೀಪ ಆರಿಸೋಕೆ ಬರ್ತಾನೆ. ಹಾಲಿನ ಚೀಲ ಇನ್ನೂ ಹೊರಗಿದ್ರೆ ಬೆಲ್ ಒತ್ತಬೇಕು ಅಂತ ಅವನಿಗೆ ಹೇಳಿಟ್ಟಿದ್ದೆ. ಅವನ ಹೆಜ್ಜೆ ಕೇಳಿಸ್ತು, ಮೋಳೇ. ಕೂಗೋಕೆ ದನಿ ಬರಲಿಲ್ಲ. ನೋಡದೇ ಹೋಗಿಬಿಟ್ಟ."

ಮನೆಗೆ ಬಂದು ಹಾಲನ್ನು ಸಿಂಕಿಗೆ ಸುರಿದೆ, ಚೀಲವನ್ನು ಹಳೇ ಬಟ್ಟೆಗಳ ಕೆಳಗೆ ತುರುಕಿದೆ. "ಈಗ ಹೇಳಿ ಏನಾಗ್ಬೇಕು? ಸುಮ್ನಿರು" ಎಂದರು ನಮ್ಮ ಮನೆಯವರು. ಅವರ ಮಾತನ್ನು ಎಂದೂ ಕೇಳದವಳು ಅಂದು ಕೇಳಿದೆ. ವಾಚ್‌ಮನ್ ಸಿಕ್ಕಸಿಕ್ಕವರಿಗೆಲ್ಲ "ಚೀಲ ಇರಲೇ ಇಲ್ಲ" ಎನ್ನುತ್ತಿದ್ದ. ಯಾರೂ ನಂಬಲಿಲ್ಲ. ಫ್ಲ್ಯಾಟಿನವರು ಸಭೆ ಸೇರಿ ಅವನನ್ನು ಕೆಲಸದಿಂದ ಬಿಡಿಸಿದರು. ಆ ಸಭೆಯಲ್ಲಿ ನಾನೂ ಇದ್ದೆ. ಚೇಚಿಯ ಜೀವ ಉಳಿಸಿದವಳೆಂದು ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು.

ಮೂರನೆಯ ವಾರ ಚೇಚಿಗೆ ನ್ಯುಮೋನಿಯಾ ಆಯಿತು. ಚಮಚದಲ್ಲಿ ನೀರು ಕುಡಿಸುತ್ತಿದ್ದಾಗ ನನ್ನ ಕೆನ್ನೆ ಮುಟ್ಟಿ, "ನೀನು ಬರದಿದ್ರೆ ಅವತ್ತೇ ಹೋಗಿರ್ತಿದ್ದೆ" ಎಂದರು. ಹೊರಗೆ ಬೆಂಚಿನ ಮೇಲೆ ಚೇಚಿಯನ್ನು ನೋಡಲು ಬಂದ ವಾಚ್‌ಮನ್ ಕೂತಿದ್ದ.

"ಒಳಗೆ ಕರೀಲಾ, ಚೇಚಿ?"

"ಬೇಡ. ಅವನ ಮುಖ ನೋಡಲಾರೆ."

ಚೀಲ ತೆಗೆದವಳು ನಾನೇ ಎಂದು ಚೇಚಿಗೆ ಹೇಳಲು ಅದೇ ಕೊನೆಯ ಅವಕಾಶವಾಗಿತ್ತು. ನಾನು ಅವರ ಬಾಯಿ ಒರೆಸಿ ಹೊರಗೆ ಹೋದೆ. ಚೇಚಿ ನಿದ್ದೆ ಮಾಡುತ್ತಿದ್ದಾರೆ ಎಂದು ಅವನಿಗೆ ಹೇಳಿದೆ.