ಒಂದು ಸುತ್ತು ಕಡಿಮೆ ಬಿಗಿದ ಸ್ವಿಚ್ಚು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಪುಣೆಯಲ್ಲಿ ಒಬ್ಬ ಲೇಡಿ ಡಾಕ್ಟರರ ಕಾರು ಓಡಿಸುತ್ತಿದ್ದೆ. ಅವರನ್ನು ನಾನು ಬಾಯಾರು ಎಂದೇ ಕರೆಯುತ್ತಿದ್ದೆ. ಅವರು ಬೆಳಗಾವಿಯವರು, ನಾನು ಧಾರವಾಡದ ಕಡೆಯವನು. ಕನ್ನಡ ಮಾತಾಡಲು ಒಬ್ಬ ಸಿಕ್ಕನಲ್ಲ ಎಂಬ ಖುಷಿಗೇ ನನ್ನನ್ನು ಇಟ್ಟುಕೊಂಡಿದ್ದರು. ನನಗಾಗ ಇಪ್ಪತ್ತಾರು ವರ್ಷ. ಓಡಿಸುವುದು ಚೆನ್ನಾಗಿ ಬರುತ್ತಿತ್ತು, ರಿಪೇರಿ ಅರ್ಧಂಬರ್ಧ. ಅರ್ಧಂಬರ್ಧ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಖಡಕಿಯ ರಸ್ತೆಯಲ್ಲಿ ಎತ್ತಿನ ಗಾಡಿ ಅಡ್ಡ ಬಂತೆಂದು ಬ್ರೇಕು ಒತ್ತಿದೆ. ಹಿಂದಿದ್ದ ಮಿಲಿಟರಿ ಲಾರಿ ಕಿರ್ರೆಂದು ನಿಂತು ನಮ್ಮ ಬಂಪರಿಗೆ ಮೂತಿ ತಾಗಿಸಿತು. ನಿನ್ನ ಹಿಂದಿನ ಕೆಂಪು ದೀಪವೇ ಹತ್ತುವುದಿಲ್ಲ, ನೀನು ನಿಲ್ಲುತ್ತೀಯೆಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಸಿಪಾಯಿ ಹಿಂದಿಯಲ್ಲಿ ಬೈದ. ನೋಡಿದರೆ ಬಲ್ಬು ಸರಿಯಾಗಿತ್ತು. ಕೆಟ್ಟಿದ್ದು ಸ್ವಿಚ್ಚು. ಆ ಕಾರಿನಲ್ಲಿ ಪೆಡಲು ಒತ್ತಿದರೆ ಕೊಳವೆಗಳಲ್ಲಿನ ಬ್ರೇಕಿನ ಎಣ್ಣೆ ಒತ್ತಡಕ್ಕೆ ಸಿಕ್ಕಿ ಚಕ್ರಗಳನ್ನು ಹಿಡಿಯುತ್ತಿತ್ತು. ಅದೇ ಒತ್ತಡ ಹೆಬ್ಬೆಟ್ಟಿನ ಗಾತ್ರದ ಒಂದು ಸ್ವಿಚ್ಚಿಗೂ ತಾಗಿ ದೀಪ ಹತ್ತುತ್ತಿತ್ತು.

ಕ್ಯಾಂಪಿನಲ್ಲಿ ಕಾರು ರಿಪೇರಿ ಮಾಡುವ ಮೇಸ್ತ್ರಿಯ ಅಂಗಳದ ತುಂಬ ಮಿಲಿಟರಿ ಗಾಡಿಗಳು. ಎಂಟು ದಿನ ಬಿಟ್ಟು ಬಾ ಎಂದ. "ಅಷ್ಟ ಯಾಕ್ರಿ, ನಾನ ಹಾಕತೇನಿ ಬಾಯಾರ," ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಹಳೆ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಮುರಿದ ಕಾರೊಂದರಿಂದ ಕಿತ್ತ ಸ್ವಿಚ್ಚು ಸಿಕ್ಕಿತು. ಡ್ರೈವರನ ಕಾಲ ಬಳಿಯ ಹಲಗೆ ಎತ್ತಿ ಹಳೆಯದನ್ನು ತಿರುಗಿಸಿ ತೆಗೆದ ಕೂಡಲೇ ಎಣ್ಣೆ ತೊಟ್ಟಿಕ್ಕತೊಡಗಿತು. ಗಾಬರಿಯಿಂದ ಇನ್ನೊಂದನ್ನು ತುರುಕಿ ಬಿಗಿದೆ. ಕೊನೆಯ ಸುತ್ತಿಗೆ ಸ್ವಿಚ್ಚಿನ ಹಿತ್ತಾಳೆ ಕಿರುಗುಟ್ಟಿತು. ಒಡೆದರೆ ಬೇರೆಯದು ಎಲ್ಲಿ ತರಲಿ? ಅಲ್ಲಿಗೇ ಕೈ ಬಿಟ್ಟೆ. ಎಣ್ಣೆ ತುಂಬಿ ಪೆಡಲು ಒತ್ತಿದೆ. ದೀಪವೇನೋ ಹತ್ತಿತು, ಆದರೆ ಪೆಡಲು ನಾದಿದ ಹಿಟ್ಟು ತುಳಿದಂತೆ ಮೆತ್ತಗಿತ್ತು. ಕೊಳವೆಯೊಳಗೆ ಗಾಳಿ ಹೋಗಿದೆ ಎಂದು ನನಗೆ ತಿಳಿಯಿತು. ಅದನ್ನು ಹೊರಗೆ ತೆಗೆಯಲು ಇಬ್ಬರು ಬೇಕು. ಬಾಯಾರಿಗೆ ಹೇಳಬೇಕು, ಹೇಳಿದರೆ ನನ್ನ ಬಂಡವಾಳ ಬಯಲಾಗುತ್ತದೆ. ನಾಳೆ ನೋಡೋಣ ಎಂದು ಹಲಗೆ ಮುಚ್ಚಿದೆ.

ಮರುದಿನ ಬೆಳಗ್ಗೆ ಏಳಕ್ಕೆ ಒಬ್ಬ ಶಾಲಾ ಮಾಸ್ತರರು ಬಾಗಿಲಿಗೆ ಬಂದು ನಿಂತರು. ಕಾತ್ರಜ ಘಾಟಿನ ಆಚೆಯ ಹಳ್ಳಿಯವರು. ಹೆಂಡತಿಗೆ ಹಿಂದಿನ ದಿನದಿಂದ ಹೆರಿಗೆ ಬೇನೆ, ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ತನ್ನಿಂದಾಗದು ಎಂದಿದ್ದಾಳೆ. ಬಾಯಾರು ಅರ್ಧ ಕುಡಿದ ಚಹಾ ಬಿಟ್ಟು ಚೀಲ ಎತ್ತಿಕೊಂಡರು. ಹೇಳಲು ನಾನು ಬಾಯಿ ತೆರೆದೆ. ಮಾಸ್ತರರ ಮುಖ ನೋಡಿ ಮುಚ್ಚಿದೆ.

ಘಾಟು ಹತ್ತುವಾಗ ಬ್ರೇಕಿನ ಕೆಲಸವಿಲ್ಲ. ಆದರೂ ನನ್ನ ಅಂಗೈ ಬೆವೆತು ಸ್ಟಿಯರಿಂಗು ಜಾರುತ್ತಿತ್ತು. ಸುರಂಗ ದಾಟಿದೆವು, ಇಳಿಜಾರು ಶುರುವಾಯಿತು. ಮೊದಲ ತಿರುವಿನಲ್ಲಿ ಪೆಡಲು ಅರ್ಧದವರೆಗೆ ಹೋಗಿ ಹಿಡಿಯಿತು. ಎರಡನೆಯದರಲ್ಲಿ ಇನ್ನೂ ಕೆಳಗೆ. ಮೂರನೆಯ ತಿರುವಿನಲ್ಲಿ ನನ್ನ ಕಾಲು ಹಲಗೆಗೇ ಬಡಿಯಿತು. ಪೆಡಲಿಗೆ ಹಿಡಿತವೇ ಇರಲಿಲ್ಲ. ಎಡಗಡೆ ಮೊಣಕಾಲೆತ್ತರದ ಕಲ್ಲುಗಳ ಸಾಲು, ಅದರಾಚೆ ಮಂಜು ತುಂಬಿದ ಕಣಿವೆ. ಮತ್ತೆ ಮತ್ತೆ ಪೆಡಲು ತುಳಿದೆ, ಗೇರನ್ನು ಎರಡಕ್ಕೆ ನೂಕಿದೆ, ಕೈಬ್ರೇಕು ಜಗ್ಗಿದೆ. ಕಾರು ಬಲಗಡೆಯ ಗುಡ್ಡಕ್ಕೆ ಮೈ ಉಜ್ಜುತ್ತ ಹೋಗಿ, ರಸ್ತೆ ರಿಪೇರಿಗೆಂದು ಹಾಕಿದ್ದ ಜಲ್ಲಿಯ ರಾಶಿಗೆ ಮೂತಿ ಹುಗಿದು ನಿಂತಿತು.

ಹಿಂದಿನ ಸೀಟಿನಿಂದ ಬಾಯಾರ ದನಿ: "ಏನಾತು?"

"ಬ್ರೇಕ್ ಹೋಗ್ಯಾವ್ರಿ, ಬಾಯಾರ."

"ಹೊರಡೋ ಮೊದಲ ನಿನಗ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ರಿ. ಹೇಳಲಿಕ್ಕೆ ಅಂಜಿದೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬೈಯಲಿಲ್ಲ. "ಇಲ್ಲೇ ಸರಿಮಾಡ್ಲಿಕ್ಕೆ ಬರ್ತದೋ ಇಲ್ಲೋ? ಖರೇ ಹೇಳು."

"ಬರ್ತದ್ರಿ. ಒಬ್ಬರು ಪೆಡಲ್ ತುಳೀಬೇಕು. ಒಂದು ರಬ್ಬರ್ ನಳಿಗಿ, ಒಂದು ಬಾಟಲಿ ಬೇಕ್ರಿ."

ಅವರು ತಮ್ಮ ಚೀಲ ತೆರೆದು ಎರಡನ್ನೂ ಕೊಟ್ಟರು. ಮಾಸ್ತರರು ಚಕ್ರಗಳಿಗೆ ಅಡ್ಡ ಕಲ್ಲು ಇಟ್ಟು, ಬರುವ ಗಾಡಿ ನಿಲ್ಲಿಸಲು ಹೆಗಲ ಮೇಲಿನ ಉಪರಣೆ ಹಿಡಿದುಕೊಂಡು ತಿರುವಿಗೆ ಓಡಿದರು. ನಾನು ಹಲಗೆ ಎತ್ತಿದೆ. ಸ್ವಿಚ್ಚಿನ ಬುಡವೆಲ್ಲ ಎಣ್ಣೆಯಿಂದ ಹೊಳೆಯುತ್ತಿತ್ತು. ಒಡೆದೀತೆಂದು ನಾನು ಬಿಟ್ಟಿದ್ದ ಆ ಒಂದು ಸುತ್ತಿನ ಸಂದಿನಿಂದ, ಪ್ರತಿ ಸಲ ತುಳಿದಾಗಲೂ ಎಣ್ಣೆ ಜಿನುಗಿ ಹೋಗಿತ್ತು. ತಿರುಪು ಬಿಗಿಯುವ ಪಾನಾ ಹಾಕಿ, ಕಣ್ಣು ಮುಚ್ಚಿ ತಿರುಗಿಸಿದೆ. ಕಿರುಗುಟ್ಟಿತು, ಒಡೆಯಲಿಲ್ಲ. ಡಿಕ್ಕಿಯಲ್ಲಿದ್ದ ಅರ್ಧ ಡಬ್ಬಿ ಎಣ್ಣೆ ಸುರಿದು ಕಾರಿನ ಕೆಳಗೆ ನುಸುಳಿದೆ.

ಬಾಯಾರು ಒಂಬತ್ತು ಗಜದ ನೌವಾರಿ ಸೀರೆಯ ಕಚ್ಚೆ ಬಿಗಿದುಕೊಂಡು ಡ್ರೈವರನ ಸೀಟಿನಲ್ಲಿ ಕೂತರು. "ಒತ್ರಿ," ಎನ್ನುತ್ತಿದ್ದೆ ಕೆಳಗಿನಿಂದ. "ಹಂಗ ಹಿಡೀರಿ." ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲಿಸಿದರೆ ನಳಿಗೆಯಲ್ಲಿ ಗುಳ್ಳೆಗಳು ಹಾಯ್ದು ಬಾಟಲಿಗೆ ಬೀಳುತ್ತಿದ್ದವು. ತಿರುಪು ಬಿಗಿದು, "ಈಗ ಬಿಡ್ರಿ." ಅವಸರದಲ್ಲಿ ಪಾನಾ ಎರಡು ಸಲ ಕೈಜಾರಿ ನನ್ನ ಮುಖದ ಮೇಲೆ ಬಿತ್ತು.

"ಸಾವಕಾಶ ಮಾಡು ತಮ್ಮಾ," ಎಂದರು ಅವರು. "ಅವಸರ ಮಾಡಿದ್ರ ಅಲ್ಲೂ ಕೆಡ್ತದ, ಇಲ್ಲೂ ಕೆಡ್ತದ."

ತಿರುವಿನಿಂದ ಮಾಸ್ತರರು ಮತ್ತೆ ಮತ್ತೆ ಕೂಗುತ್ತಿದ್ದರು: "ಝಾಲಂ ಕಾ, ಝಾಲಂ ಕಾ?" ಆಯಿತೇ, ಆಯಿತೇ ಎಂಬ ಆ ಕೂಗು ಬೆನ್ನಿಗೆ ಚುಚ್ಚುತ್ತಿತ್ತು. ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಬಾಯಾರ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪೆಡಲು ಗಟ್ಟಿಯಾಗಿತ್ತು. ಆದರೂ ಮಿಕ್ಕ ಘಾಟನ್ನು ಎತ್ತಿನ ಗಾಡಿಯ ವೇಗದಲ್ಲಿ ಇಳಿಸಿದೆ.

ಮಾಸ್ತರರ ಮನೆಯ ಕಟ್ಟೆಯ ಮೇಲೆ ಕೂತಾಗ ಘಾಟಿನಲ್ಲಿ ಆಗದಷ್ಟು ಭಯ ಆಯಿತು. ಒಳಗಿನ ನರಳಾಟ ಕೇಳುತ್ತಿತ್ತು. ಆ ಹೆಂಗಸು ಸತ್ತರೆ ನನ್ನ ಮುಕ್ಕಾಲು ಗಂಟೆಯಿಂದಲೇ ಸತ್ತಂತೆ. ಎದುರು ಕೂತ ಮಾಸ್ತರರಿಗೆ ನಮ್ಮ ಕನ್ನಡ ಮಾತು ತಿಳಿದಿರಲಿಲ್ಲ. ಯಂತ್ರ ತಾನಾಗಿ ಕೆಟ್ಟಿತೆಂದೇ ನಂಬಿದ್ದರು. ನನಗೆ ನೀರು ತಂದು ಕೊಟ್ಟರು. ಕುಡಿಯಲಾಗಲಿಲ್ಲ. ಆಮೇಲೆ ನರಳಾಟ ನಿಂತಿತು. ಆ ಮೌನದಲ್ಲಿ ನಾನು ಎದ್ದು ಓಡಿಹೋಗುವವನೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯಂತೆ ಕ್ಷೀಣವಾದ ಅಳು ಕೇಳಿಸಿತು.

ಹೆಣ್ಣು ಮಗು. ತಾಯಿ ಬಹಳ ರಕ್ತ ಕಳೆದುಕೊಂಡಿದ್ದಳು. ಸಂಜೆಯವರೆಗೆ ಬಾಯಾರು ಅವಳ ಪಕ್ಕ ಬಿಟ್ಟು ಏಳಲಿಲ್ಲ. ಕೊನೆಗೆ ಹೊರಗೆ ಬಂದು, "ಉಳೀತಾಳ," ಎಂದಷ್ಟೇ ಹೇಳಿದರು.

ಹಿಂತಿರುಗುವಾಗ ಅವರು ಮುಂದೆ ನನ್ನ ಪಕ್ಕ ಕೂತರು. ಸುರಂಗ ದಾಟಿದ ಮೇಲೆ, "ಕೆಲಸದಿಂದ ಬಿಡಸ್ತೀರೇನ್ರಿ?" ಎಂದು ಕೇಳಿಯೇ ಬಿಟ್ಟೆ.

"ಬಿಡಸ್ಬೇಕಂತ ಭಾಳ ಹೊತ್ತು ಅನಸ್ತು," ಎಂದರು. "ಇನ್ನೊಮ್ಮೆ ಮುಚ್ಚಿಟ್ಟರ ಖರೇನ ಬಿಡಸ್ತೀನಿ. ನಾಳೆ ಗಾಡಿ ಮೇಸ್ತ್ರಿ ಕಡೆ ಬಿಡು. ಎಂಟು ದಿನ ಆಗ್ಲಿ."

ಆ ಎಂಟೂ ದಿನ ಅವರು ಟಾಂಗಾದಲ್ಲಿ ರೋಗಿಗಳ ಮನೆಗೆ ಹೋದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಟಾಂಗಾವಾಲಾನ ಪಕ್ಕ ಕೂರುತ್ತಿದ್ದೆ. ಸಣ್ಣ ಇಳಿಜಾರು ಬಂದರೂ ನನ್ನ ಬಲಗಾಲು ತಾನಾಗಿ ಮುಂದೆ ಚಾಚಿ, ಇಲ್ಲದ ಪೆಡಲನ್ನು ಹುಡುಕುತ್ತಿತ್ತು.